ಕುಂಕುಮವಿಲ್ಲದ ಕವರು

ಹಲಸಿನಸರ, ಹೊಸನಗರ ತಾಲ್ಲೂಕು
5-12-1966, ಸೋಮವಾರ

ತೀರ್ಥಹಳ್ಳಿಯ ಅಕ್ಕಯ್ಯನಿಗೆ ತಂಗಿ ಶರಾವತಿಯ ನಮಸ್ಕಾರ. ಅಡ್ಡಬೀಳಲು ಹೊಟ್ಟೆ ಬಿಡುವುದಿಲ್ಲ, ಆದ್ದರಿಂದ ಈ ಸಲ ನಿಂತೇ ಮಾಡಿದ್ದೇನೆ.

ಮೊನ್ನೆ ಬುಧವಾರ ಸೀಮಂತ ಚೆನ್ನಾಗಿಯೇ ಆಯಿತು. ನೀನೇಕೆ ಬರಲಿಲ್ಲವೆಂದು ಎಲ್ಲರೂ ಕೇಳಿದರು. ಜ್ವರವಿರಬೇಕು ಎಂದೆ. ಜ್ವರವೇ ತಾನೆ? ತಾಯಿಯಿಲ್ಲದ ಹುಡುಗಿಗೆ ಅಕ್ಕನೇ ತಾಯಿ, ಅವಳೇ ಬಾರದಿದ್ದರೆ ಹೇಗೆ ಎಂದು ಅತ್ತೆ ನಾಲ್ಕು ಸಲ ಬಾಗಿಲಿಗೆ ಹೋಗಿ ನೋಡಿದರು. ಕೊನೆಗೆ ಅಣ್ಣನ ಜೊತೆ ಸಾಗರದಿಂದ ಬಂದಿದ್ದ ಅತ್ತಿಗೆಯೇ ಮಡಿಲು ತುಂಬಿದಳು. ಅಪ್ಪಯ್ಯನಿಗೆ ಈಗ ಎಡಗೈ ಕೂಡ ಬಿದ್ದುಹೋಗಿದೆಯಂತೆ, ಮಾತೂ ತೊದಲಂತೆ. ಈ ಚಳಿ ದಾಟಿದರೆ ದೊಡ್ಡದು ಎಂದಳು. ಅಣ್ಣನ ಮುಖದಲ್ಲಿ ಆಗಲೇ ಕರ್ಮ ಮುಗಿಸಿದ ಕಳೆ ಇತ್ತು, ನೋಡಿ ಸಿಟ್ಟು ಬಂತು.

ನನ್ನ ಸುದ್ದಿ ಕೇಳು. ಮಾವ ನಾರಾಯಣಮೂರ್ತಿಯವರು ಈ ಊರಿನ ಪೋಸ್ಟ್‌ಮಾಸ್ಟರು, ನಮ್ಮ ಜಗುಲಿಯೇ ಪೋಸ್ಟಾಫೀಸು ಎಂದು ಮದುವೆಯಲ್ಲಿ ನೀನೇ ನಕ್ಕಿದ್ದೆಯಲ್ಲ. ದಿನಾ ಹನ್ನೊಂದಕ್ಕೆ ಗುತ್ಯಪ್ಪ ಹೊಸನಗರದಿಂದ ಚೀಲ ಹೊತ್ತು ತರುತ್ತಾನೆ. ಮಾವ ಕಾಗದಗಳನ್ನು ಸುರಿದುಕೊಂಡು ತಾರೀಖಿನ ಮುದ್ರೆ ಹಾಕಲು ಕೂರುತ್ತಾರೆ. ಠಪ್ ಠಪ್ ಎಂದು ಅಲ್ಲಿ ಶುರುವಾದರೆ ಸಾಕು, ಇಲ್ಲಿ ನನ್ನ ಹೊಟ್ಟೆಯೊಳಗೂ ಠಪ್ ಠಪ್. ಸೆರಗಿನ ಮೇಲಿಂದಲೇ ಕಾಣುತ್ತದೆ ಅಕ್ಕಯ್ಯ! "ಮೊಮ್ಮಗ ಡ್ಯೂಟಿಗೆ ಬಂಜ ನೋಡಿ, ಹಾಜರಿ ಹಾಕಿ" ಎಂದು ಅತ್ತೆ ನಗುತ್ತಾರೆ. ಮಾವ ನಾಚಿಕೊಂಡು ಮುದ್ರೆಯನ್ನು ಇನ್ನೂ ಜೋರಾಗಿ ಕುಟ್ಟುತ್ತಾರೆ. ಇವರು ಶಿವಮೊಗ್ಗದ ಕಚೇರಿಯಿಂದ ತಿಂಗಳಿಗೊಮ್ಮೆ ಬರುವುದು. ಎಲೆಕ್ಷನ್ ಬರುತ್ತದೆಂದು ಇನ್ನು ಅದೂ ಇಲ್ಲವಂತೆ.

ಉತ್ತರವನ್ನು ಕವರಿನಲ್ಲಿ ಬರಿ. ಕಾರ್ಡಾದರೆ ಮಾವ ಜಗುಲಿಯಲ್ಲೇ ಗಟ್ಟಿಯಾಗಿ ಓದಿಬಿಡುತ್ತಾರೆ. ಊರಿನವರಲ್ಲಿ ಅರ್ಧ ಜನಕ್ಕೆ ಓದು ಬಾರದು, ಓದಿ ಹೇಳಿ ಹೇಳಿ ಅವರಿಗೆ ಅದೇ ಚಾಳಿಯಾಗಿದೆ.

ನಿನ್ನ ಶರಾವತಿ

*

ತೀರ್ಥಹಳ್ಳಿ
10-12-1966

ಶರೂ,

ನನಗೆ ಜ್ವರ ಬಂದಿರಲಿಲ್ಲ. ನಿನ್ನ ಸೀಮಂತದ ಕಾಗದ ನನ್ನ ಕೈಗೆ ಬಂದದ್ದು ಡಿಸೆಂಬರ್ ಒಂದಕ್ಕೆ, ನೀವೆಲ್ಲ ಹೋಳಿಗೆ ಉಂಡು ಕೈ ತೊಳೆದ ಮಾರನೆಯ ದಿನ. ಒಳಗೆ ನೀನು ಬರೆದ ತಾರೀಖು ನವೆಂಬರ್ ಇಪ್ಪತ್ತೊಂದು. ಮೇಲೆ ನಿಮ್ಮ ಜಗುಲಿಯ ಮುದ್ರೆ ಇಪ್ಪತ್ತೊಂಬತ್ತು. ನಡುವಿನ ಎಂಟು ದಿನ ಅದು ಎಲ್ಲಿ ಮಲಗಿತ್ತೋ. ನಿನ್ನ ಮಾವನನ್ನು ಕೇಳಬೇಡ, ಪಾಪ. ನಿನ್ನನ್ನೂ ಕೇಳುವುದಿಲ್ಲ.

ಹೊಟ್ಟೆಯಲ್ಲಿರುವವನು ಮುದ್ರೆಗೆ ಕುಣಿಯುವುದನ್ನು ಓದಿ ನಗು ಬಂತು. ನಿನ್ನ ಭಾವನಿಗೂ ಓದಿ ಹೇಳಿದೆ. ಅವರು ಶಾಲೆಯ ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಕೇಳಿದರು, ಕೇಳಿ ಸುಮ್ಮನೆ ಎದ್ದು ಹಿತ್ತಿಲಿಗೆ ಹೋದರು.

ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ, ಅವರಿಗೂ ಹೇಳಿಲ್ಲ. ನನ್ನ ಎರಡನೆಯ ಮಗು ಹೋಗುವ ಮೊದಲು ಮೂರು ದಿನ ಆಡುವುದನ್ನು ನಿಲ್ಲಿಸಿತ್ತು. ಅದಕ್ಕೂ ಮೊದಲು ವಾರದಿಂದ ಕಡಿಮೆಯಾಗುತ್ತ ಬಂದಿತ್ತು. ಕೂಸು ಕೆಳಗಿಳಿದಿದೆ, ಜಾಗ ಸಾಲದು, ಸುಮ್ಮನಿರುವುದು ಒಳ್ಳೆಯ ಲಕ್ಷಣ ಎಂದು ಕೇರಿಯ ಹೆಂಗಸರೆಲ್ಲ ಹೇಳಿದರು. ನಾನೂ ನಂಬಿದೆ. ಆ ಮೂರು ರಾತ್ರಿ ಒದೆತವಿಲ್ಲದೆ ಕಣ್ತುಂಬ ನಿದ್ದೆ ಮಾಡಿದೆ ಶರೂ. ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದಳು, "ಮಗು ಆಡೋದು ನಿಂತಿದ್ದು ಯಾವತ್ತು?" ಸೋಮವಾರ ಎಂದೆ. "ಇವತ್ತು ಗುರುವಾರ. ಮೂರು ದಿನ ಮನೇಲಿ ಏನ್ ಮಾಡ್ತಿದ್ರಿ?" ಎಂದಳು. 

ಅದಕ್ಕೇ ಹೇಳುತ್ತಿದ್ದೇನೆ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡು. ಒಂದೊಂದು ಮಗುವಿಗೆ ಒಂದೊಂದು ಕ್ರಮ ಇರುತ್ತದೆ, ನಿನ್ನದರ ಕ್ರಮವನ್ನು ನೀನು ಕಲಿತುಕೋ. ಅದು ತಪ್ಪಿದ ದಿನವೇ ಹೊರಡು, ಮಾರನೆಯ ದಿನಕ್ಕೆ ಇಡಬೇಡ. ಸಾಗರದ ಮನೆಯಲ್ಲಿ ಅಪ್ಪಯ್ಯನದೇ ಹೆಚ್ಚಾಗಿರುವಾಗ ಬಾಣಂತಿಯನ್ನು ನೋಡುವವರಾರು? ಒಂಬತ್ತಕ್ಕೆ ಬೀಳುತ್ತಲೇ ಇಲ್ಲಿಗೆ ಬಾ. ಆಸ್ಪತ್ರೆ ನಮ್ಮ ಮನೆಯಿಂದ ಎರಡು ಫರ್ಲಾಂಗು. ನಿನ್ನ ಅತ್ತೆಯವರಿಗೆ ಬೇಕಾದರೆ ನಾನೇ ಬರೆದು ಕೇಳುತ್ತೇನೆ.

ಕವರಿನ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದ್ದೇನೆ. ಕೈಗೆ ಅಂಟಿದ್ದನ್ನು ಹೊಟ್ಟೆಗೆ ಒರೆಸಿಕೋ.

ಅನ್ನಪೂರ್ಣೇಶ್ವರಿ

*

ಹಲಸಿನಸರ
19-12-1966

ಅಕ್ಕಯ್ಯ,

ಬೇಸರ ಮಾಡಿಕೊಳ್ಳಬೇಡ. ಇದು ನನ್ನ ಮಾತಲ್ಲ, ಅತ್ತೆ ಹೇಳಿದ್ದನ್ನು ಬರೆಯುತ್ತಿದ್ದೇನೆ. "ಎರಡು ಮಣ್ಣು ಮಾಡಿದ ಕೈಯ ಕುಂಕುಮ ಬಸುರಿಗೆ ಎಂತಕ್ಕೆ? ಹಚ್ಚದು ಬ್ಯಾಡ ಹೇಳಿ ಬರೆ" ಎಂದರು. ಹಿರಿಯರು, ಎದುರಾಡಲು ಆಗುತ್ತದೆಯೇ? ಇನ್ನು ಮೇಲೆ ನೀನು ಕವರಿಗೆ ಏನೂ ಹಚ್ಚಬೇಡ. ಅವರಿಗೆ ಬರೆದು ಕೇಳುವುದೂ ಬೇಡ, ಸುಮ್ಮನೆ ಮಾತು ಬೆಳೆಯುತ್ತದೆ.

ತೀರ್ಥಹಳ್ಳಿಗೆ ಬರುವುದಿಲ್ಲ. ಇಲ್ಲಿಯ ಸೂಲಗಿತ್ತಿ ಹುಲಿಗೆಮ್ಮನ ಕೈಯಲ್ಲಿ ಹುಟ್ಟಿದವರೇ ಈ ಸುತ್ತಿನಲ್ಲಿ ಉಳುತ್ತಿರುವುದು, ಆಳುತ್ತಿರುವುದು. ಅವಳ ಕೈಗುಣ ಒಳ್ಳೆಯದು.

ಇನ್ನೊಂದು ಮಾತು ಮಾತ್ರ ನನ್ನದು. ಬಸುರಿಗೆ ಬರೆಯುವ ಕಾಗದವೇ ಅದು? ನಿನ್ನ ಮಗು ಹೇಗೆ ಹೋಯಿತು, ನೀನು ಹೇಗೆ ನಿದ್ದೆ ಮಾಡಿದೆ, ನರ್ಸು ಏನು ಬೈದಳು. ಓದಿ ಎರಡು ರಾತ್ರಿ ನನಗೆ ಕಣ್ಣು ಮುಚ್ಚಲಿಲ್ಲ. ನಿನ್ನ ಸಂಕಟ ಇಳಿಸಿಕೊಳ್ಳಲು ನನ್ನ ಹೊಟ್ಟೆಯೇ ಬೇಕಾಗಿತ್ತೇ? ಇಲ್ಲಿ ಎಲ್ಲ ಸರಿಯಾಗಿದೆ. ನಿನ್ನ ಎಡಮಗ್ಗುಲಿನ ಶಾಸ್ತ್ರ ಬೇಡ, ನನಗೆ ಮಾವನ ಮುದ್ರೆಯೇ ಸಾಕು.

ಶರಾವತಿ

*

ತೀರ್ಥಹಳ್ಳಿ
9-1-1967
(ಕಾರ್ಡು)

ಚಿ. ಸೌ. ಶರಾವತಿಗೆ ಆಶೀರ್ವಾದ. ಇಲ್ಲಿ ನಾವಿಬ್ಬರೂ ಇದ್ದೇವೆ. ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಕಾರಣ ನಿನಗೆ ಗೊತ್ತು. ಅಮ್ಮ ಹೋದ ದಿನ ನಿನ್ನ ತಲೆ ಬಾಚಿ ಜಡೆ ಹೆಣೆದದ್ದು ಈ ಕೈ. ಆಮೇಲೆ ಏಳು ವರ್ಷ ಹೆಣೆದದ್ದೂ ಇದೇ ಕೈ. ನೆನಪಾಯಿತು, ಬರೆದೆ. ನಿನ್ನ ಅತ್ತೆ ಮಾವನವರಿಗೆ ನಮಸ್ಕಾರ. ಇದನ್ನು ಓದುತ್ತಿರುವವರು ಅವರೇ ಆದ್ದರಿಂದ ನೀನು ತಿಳಿಸಬೇಕಾಗಿಲ್ಲ.

*

ಹಲಸಿನಸರ
16-1-1967

ಅಕ್ಕಯ್ಯ,

ನಿನ್ನ ಕಾರ್ಡನ್ನು ಮಾವ ಜಗುಲಿಯಲ್ಲಿ ಓದಿದರು. ಜಡೆಯ ಸಾಲು ಬಂದಾಗ ಕನ್ನಡಕ ತೆಗೆದು, "ಅಕ್ಕಂಗೆ ಎಂತ ಬರದ್ದೆ ನೀನು?" ಎಂದು ಕೇಳಿದರು. ಎಂತದೂ ಇಲ್ಲೆ ಎಂದೆ. ನನ್ನನ್ನು ಹೀಗೆ ಅವರ ಎದುರು ನಿಲ್ಲಿಸಿ ನಿನಗೆ ಸಮಾಧಾನವಾಯಿತೇ? ಆದರೂ ಸಂಕ್ರಾಂತಿ. ಎಳ್ಳು ಬೆಲ್ಲ ಇದರೊಳಗೆ ಕಟ್ಟಿ ಇಟ್ಟಿದ್ದೇನೆ. ಒಳ್ಳೆಯ ಮಾತಾಡು.

ಒಂದು ವಿಷಯ ಕೇಳಬೇಕು, ಕೇಳಲು ಬೇರೆ ಯಾರಿದ್ದಾರೆ? ಅದು ಈಗ ಮೊದಲಿನ ಹಾಗೆ ಒದೆಯುವುದಿಲ್ಲ. ಹೊರಳುತ್ತದೆ. ಈ ಪಕ್ಕೆಯಿಂದ ಆ ಪಕ್ಕೆಗೆ ಹೊಟ್ಟೆಯೇ ಹೊರಳಿದ ಹಾಗೆ. ಕೆಲವೊಮ್ಮೆ ಮೊಣಕೈಯೋ ಹಿಮ್ಮಡಿಯೋ ಉಬ್ಬಿ ಬಂದು ನನ್ನ ಕೈಗೇ ತಾಗಿ ಒಳಗೆ ಹೋಗುತ್ತದೆ. ಮುದ್ರೆಗೆ ಏಳುವುದು ಮಾತ್ರ ತಪ್ಪಿಲ್ಲ. ಇದು ಸರಿಯೇ? ನೀನು ಹೇಳಿದ ಹಾಗೆ ಎಡಮಗ್ಗುಲಿಗೆ ಮಲಗಿ ನೋಡುತ್ತಿದ್ದೇನೆ. ಯಾರಿಗೂ ಹೇಳಿಲ್ಲ.

ಶರೂ

*

ತೀರ್ಥಹಳ್ಳಿ
20-1-1967
(ಕಾರ್ಡು)

ಎಳ್ಳು ಬಂತು, ಬೆಲ್ಲ ಕರಗಿತ್ತು. ಒದೆಯುವುದು ಹೋಗಿ ಹೊರಳುವುದು ಬಂದರೆ ಸರಿಯೇ. ಮಗು ಬೆಳೆದು ಜಾಗ ಇಕ್ಕಟ್ಟಾದರೆ ಆಟದ ರೀತಿ ಬದಲಾಗುತ್ತದೆ. ಆದರೆ ಆಟ ಕಡಿಮೆಯಾಗಬಾರದು. ರೀತಿ ಬದಲಾಗುವುದು ಬೇರೆ, ಕಡಿಮೆಯಾಗುವುದು ಬೇರೆ. ಎರಡನ್ನೂ ಒಂದೇ ಎಂದು ಹೇಳುವವರು ನಿನ್ನ ಸುತ್ತ ಬಹಳ ಜನ ಇರುತ್ತಾರೆ. ನಂಬಬೇಡ. ಅನ್ನಪೂರ್ಣೇಶ್ವರಿ.

*

ಹಲಸಿನಸರ
4-2-1967, ಶನಿವಾರ

ಅಕ್ಕಯ್ಯ,

ನಿನ್ನ ಆ ಕಾರ್ಡನ್ನು ಮಾವ ಎರಡು ಸಾಲು ಓದಿ ನಿಲ್ಲಿಸಿಬಿಟ್ಟರು. ಮಗುಚಿ ನನ್ನ ಕೈಗೆ ಕೊಟ್ಟು, ಹೆಂಗಸರ ವಿಷಯ ಕಾರ್ಡಿನಲ್ಲಿ ಬರೆಯಬಾರದು, ಕವರಿನಲ್ಲಿ ಬರೆಯಲು ಅಕ್ಕನಿಗೆ ತಿಳಿಸು ಎಂದರು. ಹಾಗಾಗಿ ಕವರಿನಲ್ಲೇ ಬರಿ.

ನಿನ್ನೆ ಮುದ್ರೆ ಹಾಕುವಾಗ ಅದು ಏಳಲಿಲ್ಲ. ಇವತ್ತೂ ಏಳಲಿಲ್ಲ. ಇವತ್ತು ನಾನು ಜಗುಲಿಗೇ ಹೋಗಿ ಮಾವನ ಮಗ್ಗುಲಲ್ಲಿ ಕೂತಿದ್ದೆ. ಅವರು ಅಷ್ಟೂ ಕಾಗದಕ್ಕೆ ಕುಟ್ಟಿ, ಆಮೇಲೆ ನನ್ನ ಮುಖ ನೋಡಿ ಖಾಲಿ ಹಾಳೆಯ ಮೇಲೂ ಹತ್ತು ಸಲ ಕುಟ್ಟಿದರು. ಹೊರಳುವುದೂ ಮೊದಲಿನ ಅರ್ಧಕ್ಕೆ ಬಂದಿದೆ. ಅತ್ತೆ ಸಂತೋಷವಾಗಿಯೇ ಇದ್ದಾರೆ. "ಮಾಣಿ ಕೆಳಗೆ ಇಳದ್ದ, ಆಟ ಸಾಕು ಹೇಳಿ ಸುಮ್ಮನೆ ಕೂತಿದ್ದ" ಎನ್ನುತ್ತಾರೆ. ಹುಲಿಗೆಮ್ಮನನ್ನು ಕರೆಸಿದೆ. ಅವಳು ಕೈಯಾಡಿಸಿ ನೋಡಿ, "ನಾ ಹೆರಿಗೆ ಮಾಡ್ಸಾಳು, ವಳಗಿಂದು ನಂಗೇನ್ ತಿಳೀತದ್ರಾ? ನಿಮ್ಮಕ್ಕಾರು ಆಸ್ಪತ್ರೆ ಹತ್ರ ಅದಾರಲ್ಲ, ಅವ್ರುನ್ ಕೇಳ್ರಾ" ಎಂದಳು.

ಇವರು ಎಲೆಕ್ಷನ್ ಮುಗಿಯುವವರೆಗೆ ಬರುವಂತಿಲ್ಲ. ಆಸ್ಪತ್ರೆಗೆ ಹೋಗೋಣವೆಂದು ನಾನೇ ಬಾಯಿಬಿಟ್ಟರೆ ಸುಖ ಹೆಚ್ಚಾಗಿ ಸೋಗು ಮಾಡುತ್ತಾಳೆ ಎಂದಾರು. ನಿನ್ನ ಕಾಗದ ಇದ್ದರೆ ಅದನ್ನು ಮುಂದೆ ಹಿಡಿದು ಕೇಳಬಹುದು. ನೀನು ಹೋಗು ಎಂದರೆ ಹೋಗುತ್ತೇನೆ. ಬೇಡವೆಂದರೆ ಸುಮ್ಮನಿರುತ್ತೇನೆ. ಗುರುವಾರ, ತಪ್ಪಿದರೆ ಶುಕ್ರವಾರ, ನಿನ್ನ ಉತ್ತರಕ್ಕೆ ಕಾದಿರುತ್ತೇನೆ. ಅಕ್ಕಯ್ಯ, ಹಳೆಯದೇನನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಡ. ನನಗೆ ಹೆದರಿಕೆಯಾಗುತ್ತಿದೆ.

ಶರೂ

*

ತೀರ್ಥಹಳ್ಳಿ
7-2-1967, ಮಂಗಳವಾರ

ಶರೂ,

ಇದನ್ನು ಪೂರ್ತಿ ಓದುತ್ತ ಕೂರಬೇಡ. ಹೊರಡು. ಓದುವುದನ್ನು ಗಾಡಿಯಲ್ಲಿ ಓದು.

ಹೊಸನಗರಕ್ಕೆ ಗಾಡಿ ಕಟ್ಟಿಸು. ಅಲ್ಲಿ ಡಾಕ್ಟರು ಸಿಕ್ಕಿದರೆ ಅಲ್ಲೇ ತೋರಿಸು, ಇಲ್ಲದಿದ್ದರೆ ಮೊದಲು ಸಿಕ್ಕ ಬಸ್ಸಿಗೆ ಇಲ್ಲಿಗೆ ಬಾ. ಅತ್ತೆಯವರಿಗೆ ಈ ಕಾಗದ ತೋರಿಸು. ಅಮ್ಮಾ, ನಿಮ್ಮ ಪಾದಕ್ಕೆ ಬೀಳುತ್ತೇನೆ, ಸುಮ್ಮನಿರುವ ಮಗು ಒಳ್ಳೆಯದೆಂದು ನನಗೂ ಹೇಳಿದ್ದರು. ಇಷ್ಟಾದ ಮೇಲೂ ಕಳಿಸದಿದ್ದರೆ ನಡೆದುಕೊಂಡು ಹೊರಡು. ಬಸುರಿ ಬೀದಿಯಲ್ಲಿ ನಡೆದರೆ ಯಾರಾದರೂ ಗಾಡಿ ನಿಲ್ಲಿಸಿಯೇ ನಿಲ್ಲಿಸುತ್ತಾರೆ.

ತಂತಿ ಕೊಡೋಣವೆಂದುಕೊಂಡೆ. ನಮ್ಮ ಕಡೆ ತಂತಿ ಎಂದರೆ ಸಾವು. ಅಪ್ಪಯ್ಯ ಹೋದರೆಂದೇ ತಿಳಿದು ನಿನ್ನ ಎದೆ ಒಡೆದೀತೆಂದು ಬಿಟ್ಟೆ. ನಿನ್ನ ಭಾವ ಎಲೆಕ್ಷನ್ ಟ್ರೈನಿಂಗ್ ಎಂದು ಶಿವಮೊಗ್ಗದಲ್ಲಿದ್ದಾರೆ. ನಾನೇ ಬರಬಹುದಿತ್ತು. ಆದರೆ ನನ್ನ ಕೈಯ ಕುಂಕುಮವೇ ಬೇಡವಾದ ಮನೆಗೆ ಇಡೀ ನಾನು ಹೇಗೆ ಬರಲಿ? ಕವರಿಗೂ ಏನೂ ಹಚ್ಚುವುದಿಲ್ಲ. ಹಚ್ಚಿದ್ದು ಕಂಡು ನಿನ್ನ ಅತ್ತೆ ಇದನ್ನು ನಿನಗೆ ಕೊಡದೇ ಹೋದಾರು.

ಹೊರಟೆಯಾ?

ಅಕ್ಕಯ್ಯ

*

ಹಲಸಿನಸರ
11-2-1967, ಶನಿವಾರ

ಅನ್ನಪೂರ್ಣೇಶ್ವರಿಯವರಿಗೆ,

ಗುರುವಾರ ಚೀಲ ಬಂತು. ನಿನ್ನೆ ಬಂತು. ಇವತ್ತೂ ಬಂತು. ನಿನ್ನಿಂದ ಒಂದಕ್ಷರವಿಲ್ಲ. ನಿನ್ನೆ ನಾನು ಬಾಗಿಲ ದಾರಂದ ಹಿಡಿದೇ ನಿಂತಿದ್ದೆ. "ಯಂಗೆ ಎಂತಾರೂ ಇದ್ದಾ ಮಾವ?" ಎಂದು ಕೇಳಿದೆ. "ಇಲ್ಲೆ ಕೂಸೆ, ಎಂತೂ ಬಂಜಿಲ್ಲೆ. ಒಳಗೆ ಹೋಗಿ ಮಲಕ್ಯ" ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ನನಗೆ ಅಳು ಬಂತು. ನಿನ್ನೆಯಿಂದ ಈ ಮನೆಯಲ್ಲಿ ಎಲ್ಲರೂ ನನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದಾರೆ. ಅತ್ತೆ ಪಾಯಸ ಮಾಡಿ ತಾವೇ ಕುಡಿಸಿದರು, ತಲೆ ನೇವರಿಸಿದರು. ಹೊರಗಿನವರು ಇಷ್ಟು ಮಾಡುತ್ತಾರೆ, ಒಡಹುಟ್ಟಿದವಳಿಗೆ ಒಂದು ಕವರು ಬರೆಯಲು ಕೈ ಏಳಲಿಲ್ಲ.

ಕುಂಕುಮ ಬೇಡವೆಂದದ್ದಕ್ಕೆ ಸೇಡು ಇದು, ಅಲ್ಲವೇ? ತೀರಿಸಿಕೊಳ್ಳಲು ಒಳ್ಳೆಯ ಹೊತ್ತು ಹುಡುಕಿದೆ. ನಿನ್ನ ತೊಟ್ಟಿಲು ಬರಿದು ಎಂದು ಊರಿನ ತೊಟ್ಟಿಲುಗಳೆಲ್ಲ ಬರಿದಾಗಿರಬೇಕೇ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರುತ್ತದೆ.

ಗುರುವಾರ ಸಂಜೆ ಒಮ್ಮೆ ಮಿಸುಕಿದ ಹಾಗಾಯಿತು. ಆಮೇಲೆ ಇಲ್ಲ. ಹೊಟ್ಟೆ ಈಗ ಒಂದೇ ಕಡೆಗೆ ಭಾರವಾಗಿ ಬೀಳುತ್ತದೆ. ಅತ್ತೆ ಒಳ್ಳೆಯದೇ ಎನ್ನುತ್ತಾರೆ. ಇನ್ನು ನಾನು ಅವರನ್ನೇ ನಂಬುತ್ತೇನೆ. ನೀನು ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಶರಾವತಿ

*

ತೀರ್ಥಹಳ್ಳಿ
17-2-1967

ಶರಾವತಿ,

ನಿನ್ನ ಕಾಗದ ಮಂಗಳವಾರ ಮಧ್ಯಾಹ್ನ ಬಂತು. ನನ್ನದು ನಿನಗೆ ತಲುಪಿಲ್ಲವೆಂದು ಆಗ ತಿಳಿಯಿತು. ಉಟ್ಟ ಸೀರೆಯಲ್ಲೇ ಹೊರಟೆ. ಬಸ್ಸುಗಳನ್ನೆಲ್ಲ ಎಲೆಕ್ಷನ್ನಿಗೆ ಹಿಡಿದಿದ್ದರು, ಅಕ್ಕಿಯ ಲಾರಿಯಲ್ಲಿ ಹೊಸನಗರಕ್ಕೆ ಬಂದು, ಬುಧವಾರ ಬೆಳಿಗ್ಗೆ ನಿಮ್ಮ ಅಂಗಳಕ್ಕೆ ಕಾಲಿಟ್ಟೆ. ಹುಲಿಗೆಮ್ಮ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಒಗೆಯುವುದನ್ನು ನಿಲ್ಲಿಸಿದಳು. "ಸೋಮವಾರ ಆತ್ರಾ. ಗಂಡು. ವಳಗೇ ಹೋಗಿತ್ತು" ಎಂದಳು.

ನಾನು ನಿನ್ನ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು, "ಬರೆದಿದ್ದೆ ಶರೂ." ನೀನು ಗೋಡೆಯ ಕಡೆ ಮುಖ ಮಾಡಿ ಸುಳ್ಳಿ ಎಂದೆ. ಇವಳ ಕಣ್ಣೇ ತಿಂದಿದ್ದು, ಹೊರಗೆ ಕಳಿಸಿ ಎಂದು ಕೂಗಿದೆ. ನಿನ್ನ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ನಿನ್ನ ಮಾವ ನೆಲ ನೋಡಿದರು.  ನೀರು ಸಹ ಕುಡಿಯದೆ ಬಂದೆ.

ಕಾಗದ ಎಲ್ಲಿ ಹೋಯಿತೋ ನನಗೆ ತಿಳಿಯದು. ನಾನು ಬರೆದದ್ದು ನನಗೆ ಗೊತ್ತು. ಇನ್ನು ಬರೆಯುವುದಿಲ್ಲ.

ಅನ್ನಪೂರ್ಣೇಶ್ವರಿ

*

ಹಲಸಿನಸರ
24-4-1967, ಸೋಮವಾರ

ಅಕ್ಕಯ್ಯ,

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀನು ಒಡೆಯದೆ ಒಲೆಗೆ ಹಾಕಬಹುದು. ಆದರೂ ಬರೆಯುತ್ತೇನೆ.

ಮಳೆಗಾಲಕ್ಕೆ ಮೊದಲು ಕೊಟ್ಟಿಗೆಯ ಮಾಡಿಗೆ ಹೊಸ ಸೋಗೆ ಹೊದಿಸಲು ನಿನ್ನೆ ಗಿರಿಯಪ್ಪ ಬಂದಿದ್ದ. ಹಳೆಯದನ್ನು ಎಳೆದು ಕೆಡವುವಾಗ ಸೂರಿನ ಸಂದಿಯಿಂದ ಒಂದು ಕವರು ಬಿತ್ತು. "ಅಮಾ, ಇದೇನೋ ಕಾಗ್ದ" ಎಂದು ನನ್ನ ಕೈಗೆ ಕೊಟ್ಟ. ನಿನ್ನ ಅಕ್ಷರ. ಹಿಂದೆ ನಮ್ಮ ಜಗುಲಿಯ ಮುದ್ರೆ, ಫೆಬ್ರವರಿ ಹತ್ತು. ಶುಕ್ರವಾರ. ನಾನು ದಾರಂದ ಹಿಡಿದು ನಿಂತಿದ್ದ ದಿನ. ಠಪ್ ಎಂದು ನನ್ನ ಎದುರಿಗೇ ಅದಕ್ಕೆ ಮುದ್ರೆ ಬಿದ್ದಿತ್ತು. ಕವರು ಒಡೆದಿರಲಿಲ್ಲ. ಸಗಣಿಯ ಬುಟ್ಟಿಯ ಪಕ್ಕದಲ್ಲಿ ಕೂತು ನಾನು ಒಡೆದೆ. ಹೊರಟೆಯಾ ಎಂದು ಕೇಳಿದ್ದೀಯೆ.

ಒಳಗೆ ಹೋಗಿ ಅದನ್ನು ಅತ್ತೆಯ ಮಡಿಲಿಗೆ ಎಸೆದೆ. ಅವರು ಮುಚ್ಚಿಡಲಿಲ್ಲ. "ನಿನ್ನ ಅಕ್ಕ ಕುಂಕುಮ ಹಚ್ಚದೆ ಕವರು ಬರೆದ್ದು ಒಂದೂ ಇಲ್ಲೆ. ಬರೀ ಕವರು ಕಂಡಕೂಡ್ಲೆ ನಿನ್ನ ಅಪ್ಪಯ್ಯಂದೇ ಸುದ್ದಿ ಹೇಳಿ ಅಂದ್ಕಂಡ್ಯ. ತುಂಬಿದ ಬಸುರಿ ಕೈಲಿ ಅದನ್ನ ಹ್ಯಾಂಗೆ ಕೊಡದು?" ಎಂದರು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಕಾಗದ ಒಡೆಯದಿದ್ದರೆ ಕೇಳಿದ ಹಾಗಲ್ಲ. ಹೆರಿಗೆಯಾಗಿ ಹನ್ನೊಂದು ದಿನ ಕಳೆಯಲಿ, ಆಮೇಲೆ ಒಡೆದರಾಯಿತೆಂದು, ಮನೆಯೊಳಗೂ ತಾರದೆ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ್ದರು. ಪಾಯಸ ಕುಡಿಸಿದ್ದು, ತಲೆ ನೇವರಿಸಿದ್ದು ಎಲ್ಲ ಅದಕ್ಕೇ. ಅಪ್ಪನನ್ನು ಕಳೆದುಕೊಂಡ ಹುಡುಗಿ ಎಂದು. ಅಪ್ಪಯ್ಯ ಇವತ್ತಿಗೂ ಇದ್ದಾರೆ. ಗಂಜಿ ಕುಡಿಯುತ್ತಾರಂತೆ.

ಮಾವನನ್ನು ಕೇಳಿದೆ. "ನಿನ್ನ ಅಕ್ಕ ಬಂದು ಬರೆದ್ದಿ ಹೇಳಿದಾಗ್ಲೇ ಗೊತ್ತಾತು. ಹೇಳಲೆ ಬಾಯಿ ಬಂಜಿಲ್ಲೆ" ಎಂದರು. ಎರಡು ತಿಂಗಳು ನನ್ನ ಎದುರು ಕೂತು ಉಂಡರು.

ಅತ್ತೆ ಕೊನೆಗೆ ಕೇಳಿದರು, "ಅಲ್ದೇ ಕೂಸೆ, ನಿನ್ನ ಅಕ್ಕ ಆ ಕವರಿಗೆ ಮಾತ್ರ ಕುಂಕುಮ ಎಂತಕ್ಕೆ ಹಚ್ಚಿದ್ದಿಲ್ಲೆ?" ನಾನು ಅವರಿಗೆ ಉತ್ತರ ಕೊಡಲಿಲ್ಲ. ನಿನಗೆ ಕೊಡುತ್ತೇನೆ. ಎರಡು ಮಣ್ಣು ಮಾಡಿದ ಕೈ ಎಂದು ಅತ್ತೆ ಯಾವತ್ತೂ ಅಂದವರಲ್ಲ. ಅದು ನನ್ನದೇ ಮಾತು. ನಿನ್ನ ಕುಂಕುಮ ಕೈಗೆ ಅಂಟಿದಾಗ ನನಗೆ ಮೈ ಜುಂ ಎಂದಿತ್ತು, ಬಚ್ಚಲಿಗೆ ಹೋಗಿ ತೊಳೆದುಕೊಂಡಿದ್ದೆ. ಅದನ್ನು ಅತ್ತೆಯ ಬಾಯಿಗೆ ಹಾಕಿ ಬರೆದೆ. ಸೀಮಂತದ ಕಾಗದವನ್ನು ಎಂಟು ದಿನ ಅಕ್ಕಿಯ ಡಬ್ಬಿಯಲ್ಲಿಟ್ಟವಳೂ ನಾನೇ. ನಿನ್ನ ಕೈಯಿಂದ ನನ್ನ ಮಗುವನ್ನು ಕಾಪಾಡಲು ಹೊರಟಿದ್ದೆ ಅಕ್ಕಯ್ಯ. ಕಾಪಾಡಿದೆ, ಎಷ್ಟು ಚೆನ್ನಾಗಿ ಕಾಪಾಡಿದೆ ನೋಡು. ನನಗೆ ಕ್ಷಮೆ ಬೇಡ, ಕೇಳುವ ಮುಖವೂ ಇಲ್ಲ.

ಒಂದು ಮಾತು ಮಾತ್ರ ಕೇಳಬೇಕಾಗಿದೆ. ಪೋಸ್ಟ್‌ಮಾಸ್ಟರ ಮನೆಯಲ್ಲಿದ್ದು ನನಗೂ ಮುದ್ರೆ ಓದುವ ಚಾಳಿ ಬಂದಿದೆ. ಒಳಗೆ ನೀನು ಬರೆದ ತಾರೀಖು ಏಳು. ಸ್ಟಾಂಪಿನ ಮೇಲಿನ ತೀರ್ಥಹಳ್ಳಿಯ ಮುದ್ರೆ ಎಂಟು. ಓದುತ್ತ ಕೂರಬೇಡ ಹೊರಡು ಎಂದು ಬರೆದವಳು ಒಂದು ದಿನ ಅದನ್ನು ಏಕೆ ಇಟ್ಟುಕೊಂಡಿದ್ದೆ? ಒಂದು ದಿನ ಮೊದಲೇ ಬಂದಿದ್ದರೂ ಅದು ಸೂರಿಗೇ ಹೋಗುತ್ತಿತ್ತು, ಅದು ಗೊತ್ತು. ಆದರೂ ಕೇಳುತ್ತಿದ್ದೇನೆ. ಗುರುವಾರ ಸಂಜೆ ಅದು ಮಿಸುಕಿತ್ತು.

ಶರೂ

*

ತೀರ್ಥಹಳ್ಳಿ
2-5-1967
(ಕಾರ್ಡು)

ಶರೂ,

ಏಳನೇ ತಾರೀಖು ನಿನ್ನ ಕಾಗದ ಹನ್ನೆರಡು ಗಂಟೆಗೆ ಬಂತು. ಕೂಡಲೇ ಉತ್ತರ ಬರೆದೆ. ಅದರಲ್ಲಿ ಬರೆದ ಒಂದಕ್ಷರವೂ ಸುಳ್ಳಲ್ಲ. ಅಂಚೆ ಡಬ್ಬಿ ನಮ್ಮ ಬೀದಿಯ ತುದಿಯಲ್ಲೇ ಇದೆ, ನಾಲ್ಕು ಗಂಟೆಗೆ ತೆಗೆಯುತ್ತಾರೆ. ಕವರು ಹಿಡಿದು ಹೊಸ್ತಿಲವರೆಗೆ ಹೋದೆ. ಎರಡು ಮಣ್ಣು ಮಾಡಿದ ಕೈ ಎಂದಿದ್ದೆಯಲ್ಲ, ಅದು ನೆನಪಾಯಿತು. ಒಂದನ್ನು ಇವಳೂ ಮಾಡಲಿ ಅನ್ನಿಸಿತು. ಬಂದು ಕೂತೆ. ನಾಲ್ಕು ಹೊಡೆಯಿತು, ಕೇಳಿದೆ. ಮರುದಿನ ಬೆಳಿಗ್ಗೆ ಹೋಗಿ ಹಾಕಿದೆ.

ಇದನ್ನು ಕಾರ್ಡಿನಲ್ಲೇ ಬರೆದಿದ್ದೇನೆ. ನಿನ್ನ ಮಾವ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದಲಿ.

ಅಕ್ಕಯ್ಯ